ತಮ್ಮನನ್ನು ವಿಡಿಯೋ ಗೇಮ್ ಡಿಸೈನ್ ಡಿಗ್ರಿಗೆ ಸೇರಿಸಬಹುದಾ?

ನಮಸ್ಕಾರ ರೀ. ತಮ್ಮ ಪಿಯುಸಿ ಸೈನ್ಸ್ ಮುಗಿಸಿದ್ದಾನೆ, ವಿಡಿಯೋ ಗೇಮ್ ಡಿಸೈನ್ ಡಿಗ್ರಿನೇ ಬೇಕು ಅಂತ ಹಟ ಹಿಡಿದಿದ್ದಾನೆ, ರಾಣೆಬೆನ್ನೂರಿನಲ್ಲಿ ಕೇಳೋಣ ಅಂದರೆ ಗೊತ್ತಿರುವವರು ಸಿಗುತ್ತಿಲ್ಲ, ಅಲ್ಲಿ ಏನು ಕಲಿಸುತ್ತಾರೆ, ಸೇರಿಸಬಹುದಾ ಅಂತ ಕೇಳಿದ್ದೀರಿ. ನಾನು ಹುಬ್ಬಳ್ಳಿಯವನು. ಬೆಂಗಳೂರಿನಲ್ಲಿ ನಾಲ್ಕು ವರ್ಷ ಇದೇ ಕೋರ್ಸ್ ಮಾಡಿ ಈಗ ಒಂದು ಸಣ್ಣ ಸ್ಟುಡಿಯೋದಲ್ಲಿ ಪ್ರೋಗ್ರಾಮರ್ ಆಗಿದ್ದೇನೆ. ಸೇರಿಸಬಹುದು. ಆದರೆ ಫೀ ಕಟ್ಟುವ ಮೊದಲು ಅವನ ಕೈಯಲ್ಲಿ ಒಂದು ಕೆಲಸ ಮಾಡಿಸಿ. ಏನು ಅಂತ ಕೊನೆಗೆ ಹೇಳುತ್ತೇನೆ.

ಮೊದಲ ಸೆಮಿಸ್ಟರಿನ ಡಿಸೈನ್ ಕ್ಲಾಸಿನಲ್ಲಿ ನಾವು ಕಂಪ್ಯೂಟರ್ ಮುಟ್ಟಲೇ ಇಲ್ಲ. ಮನೆಯಲ್ಲಿ ಆಡುವ ಹಳೆಯ ಆಟ ಒಂದನ್ನು ತನ್ನಿ, ಅದರ ಒಂದೇ ಒಂದು ನಿಯಮ ಬದಲಿಸಿ, ಏನಾಗುತ್ತದೆ ನೋಡಿ ಅಂದರು. ನಾನು ಗದಗಿನಿಂದ ಆಯಿಯ ಚೌಕಾಬಾರಾ ಒಯ್ದೆ. ನಾಲ್ಕು ಕವಡೆ, ಐದು ಸಾಲು, ಸಾಲಿಗೆ ಐದು ಮನೆ. ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರಾ, ಅಂದರೆ ಎಂಟು. ಇವೆರಡು ಬಿದ್ದರೆ ಇನ್ನೊಂದು ಸಲ ಹಾಕಬಹುದು. ಕವಡೆ ಎರಡೂ ಕಡೆ ಸಮನಾಗಿ ಬೀಳುತ್ತದೆ ಅಂತ ಇಟ್ಟುಕೊಂಡರೆ ಸರಾಸರಿ 16 ಸಲಕ್ಕೆ 6 ಸಲ ಎರಡು ಬೀಳುತ್ತದೆ, ಚೌಕ ಒಂದೇ ಸಲ, ಬಾರಾ ಒಂದೇ ಸಲ. ಈ ಲೆಕ್ಕವನ್ನು ಮೇಷ್ಟ್ರು ಬೋರ್ಡಿನ ಮೇಲೆ ಬರೆದಾಗ ನನಗೆ ಮೈ ಜುಮ್ ಅಂತು. ಯಾಕೆಂದರೆ ಆಯಿ ಎದುರಿನವರ ಕಾಯಿಗಿಂತ ಸರಿಯಾಗಿ ಎರಡು ಮನೆ ಮುಂದೆ ಎಂದೂ ನಿಲ್ಲುತ್ತಿರಲಿಲ್ಲ. ಅಲ್ಲಿ ನಿಂತರೆ ಕಾಯಿ ಹೊಡೆಸಿಕೊಳ್ಳುವ ಸಾಧ್ಯತೆ ಹೆಚ್ಚು. ಅವಳಿಗೆ ಯಾರೂ ಈ ಲೆಕ್ಕ ಹೇಳಿಕೊಟ್ಟಿರಲಿಲ್ಲ.

ನಮ್ಮ ಮನೆಯಲ್ಲಿ ಎದುರಿನವರ ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ನಾನು ಆ ನಿಯಮವನ್ನೇ ತೆಗೆದೆ. ಆಟ ಬೇಗ ಮುಗಿಯಿತು, ಜಗಳವೂ ಆಗಲಿಲ್ಲ, ಆದರೆ ಇನ್ನೊಂದು ಆಟ ಹಾಕೋಣ ಅಂತ ಯಾರೂ ಅನ್ನಲಿಲ್ಲ. ಯಾವ ನಿಯಮ ಇಟ್ಟರೆ ಆಡುವವರ ಮನಸ್ಸಿನಲ್ಲಿ ಏನಾಗುತ್ತದೆ, ಇದನ್ನೇ ಅಲ್ಲಿ ಡಿಸೈನ್ ಅನ್ನುತ್ತಾರೆ.

ಆಮೇಲೆ ಪ್ರೋಗ್ರಾಮಿಂಗ್, ವೆಕ್ಟರ್, ತ್ರಿಕೋನಮಿತಿ, ಬ್ಲೆಂಡರ್‌ನಲ್ಲಿ 3ಡಿ ಚಿತ್ರ, ಗೇಮ್ ಕಟ್ಟುವ ಸಾಫ್ಟ್‌ವೇರ್‌ಗಳಾದ ಯೂನಿಟಿ, ಅನ್‌ರಿಯಲ್ ಎಲ್ಲಾ ಬರುತ್ತದೆ. ಗಣಿತ ಬೇಡ ಅಂತ ಈ ಕಡೆ ಬಂದವರು ಎರಡನೇ ಸೆಮಿಸ್ಟರಿಗೇ ಒದ್ದಾಡಿದರು, ಇದನ್ನು ತಮ್ಮನಿಗೆ ಮೊದಲೇ ಹೇಳಿಬಿಡಿ.

ಎರಡನೇ ವರ್ಷ ನಾನು ಮಾಡಿದ್ದು ಚಿಗರಿ ಹಾರುವ ಗೇಮ್. ನಿಮ್ಮ ಊರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಚಿಕ್ಕವನಿದ್ದಾಗ ನೋಡಿದ ಚಿಗರಿ ಅದು. ಓಡುತ್ತಾ ತಗ್ಗು ದಾಟಬೇಕು, ಅಷ್ಟೇ. ರಜೆಯಲ್ಲಿ ಮನೆಗೆ ಬಂದು ಅವ್ವನ ಕೈಗೆ ಫೋನ್ ಕೊಟ್ಟೆ. ಆಡುವವರ ಪಕ್ಕ ಕೂತಾಗ ಬಾಯಿ ಬಿಡಬಾರದು, ಬರೀ ನೋಡಬೇಕು, ಇದು ನಮ್ಮ ಕ್ಲಾಸಿನ ಕಟ್ಟುನಿಟ್ಟು. ಅವ್ವ ಒಂದೇ ತಗ್ಗಿನಲ್ಲಿ ಮೂರು ಸಲ ಬಿದ್ದಳು. "ನಾ ಒತ್ತೇನಲ್ಲೋ, ಇದು ಹಾರವಲ್ದು" ಅಂದಳು. ನನಗೆ ಹೇಳಿಕೊಡಬೇಕು ಅಂತ ಬಾಯಿ ತುದಿಗೆ ಬಂದಿತ್ತು, ತಡೆದುಕೊಂಡೆ. ಆಮೇಲೆ ಸ್ಕ್ರೀನ್ ರೆಕಾರ್ಡಿಂಗ್ ನಿಧಾನವಾಗಿ ಓಡಿಸಿ ನೋಡಿದೆ. ಚಿಗರಿಯ ಕಾಲು ಅಂಚು ಬಿಟ್ಟು ಒಂದು ಚೂರು ಆದ ಮೇಲೆ ಅವ್ವ ಒತ್ತುತ್ತಿದ್ದಳು. ನನ್ನ ಕೋಡ್ ಪ್ರಕಾರ ಚಿಗರಿ ಆಗಲೇ ಗಾಳಿಯಲ್ಲಿದೆ, ಹಾರುವ ಹಾಗಿಲ್ಲ. ಅವ್ವನ ಕಣ್ಣಿಗೆ ಅದು ಇನ್ನೂ ಅಂಚಿನ ಮೇಲಿದೆ. ಗೇಮ್ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡುತ್ತಿತ್ತು. ಅಂಚು ದಾಟಿದ ಮೇಲೂ 6 ಫ್ರೇಮ್, ಅಂದರೆ ಸೆಕೆಂಡಿನ ಹತ್ತನೇ ಒಂದು ಪಾಲು, ಹಾರಲು ಬಿಟ್ಟೆ. ಇದಕ್ಕೆ ಕಯೋಟಿ ಟೈಮ್ ಅಂತ ಹೆಸರಿದೆ, ಓಡಿ ಹಾರುವ ಬಹಳಷ್ಟು ಗೇಮ್‌ಗಳಲ್ಲಿ ಇರುತ್ತದೆ. ಮರುದಿನ ಅವ್ವ ಆ ತಗ್ಗು ದಾಟಿದಳು. ನಾನು ಏನು ಬದಲಿಸಿದೆ ಅಂತ ಅವಳಿಗೆ ಗೊತ್ತಾಗಲಿಲ್ಲ. "ಈಗ ಛಲೋ ಹಾರ್ತದ ನೋಡು" ಅಂದಳು. ನಾಲ್ಕು ವರ್ಷದಲ್ಲಿ ನನಗೆ ಅದಕ್ಕಿಂತ ಖುಷಿ ಕೊಟ್ಟ ಮಾರ್ಕ್ಸ್ ಯಾವುದೂ ಇಲ್ಲ.

ಹಾಗಾಗಿ ತಮ್ಮ ದಿನಕ್ಕೆ ಎಷ್ಟು ತಾಸು ಗೇಮ್ ಆಡುತ್ತಾನೆ ಅನ್ನುವುದನ್ನು ನೋಡಬೇಡಿ. ಒಂದೇ ಜಿಗಿತವನ್ನು ನಲವತ್ತು ಸಲ ತಿದ್ದುವ ತಾಳ್ಮೆ ಇದೆಯಾ, ಬೇರೆಯವರು ಆಡುವುದನ್ನು ನೋಡುತ್ತಾ ಕೂರುತ್ತಾನಾ, ಅದು ನೋಡಿ.

ಕಾಲೇಜಿನ ವಿಷಯದಲ್ಲಿ ಮಾತ್ರ ಹುಷಾರು. ನನ್ನ ಗೆಳೆಯನೊಬ್ಬ ಜಾಹೀರಾತು ನಂಬಿ ಒಂದು ಖಾಸಗಿ ಸಂಸ್ಥೆ ಸೇರಿದ. ಕೊನೆಗೆ ಕೈಗೆ ಬಂದದ್ದು ಬೇರೆಲ್ಲೋ ಇರುವ ವಿಶ್ವವಿದ್ಯಾಲಯದ, ಬೇರೆ ವಿಷಯದ ಡಿಗ್ರಿ. ಅವನ ಅಪ್ಪ ಹೊಲದ ಮೇಲೆ ಸಾಲ ಮಾಡಿ ಫೀ ಕಟ್ಟಿದ್ದರು. ಡಿಗ್ರಿ ಕೊಡುವುದು ಯಾರು, ಅವರ ಹೆಸರು ವಿಶ್ವವಿದ್ಯಾಲಯಗಳಿಗೆ ಮಾನ್ಯತೆ ಕೊಡುವ ಯುಜಿಸಿಯ ಪಟ್ಟಿಯಲ್ಲಿದೆಯಾ, ಮೊದಲು ನೋಡಿ. ಹಿಂದಿನ ಬ್ಯಾಚಿನವರು ಮಾಡಿದ ಗೇಮ್ ತೋರಿಸಿ ಅಂತ ಕೇಳಿ. ತೋರಿಸಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.

ದುಡ್ಡು ಜಾಸ್ತಿ ಅನ್ನಿಸಿದರೆ ಇನ್ನೊಂದು ದಾರಿ ಇದೆ. ಹುಬ್ಬಳ್ಳಿ-ಧಾರವಾಡದಲ್ಲೇ ಕಂಪ್ಯೂಟರ್ ಸೈನ್ಸ್ ಮಾಡಲಿ, ಜೊತೆಗೆ ಗೇಮ್ ಮಾಡುತ್ತಿರಲಿ. ಆಮೇಲೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಾದ ಎನ್‌ಐಡಿಯ ಬೆಂಗಳೂರು ಕ್ಯಾಂಪಸ್ಸಿನಲ್ಲಿ ಡಿಜಿಟಲ್ ಗೇಮ್ ಡಿಸೈನ್‌ನಲ್ಲಿ ಎಂ.ಡಿಸೈನ್ ಅನ್ನುವ ಸ್ನಾತಕೋತ್ತರ ಡಿಗ್ರಿ ಇದೆ, ಅದಕ್ಕೆ ಡ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ನಿಜ ಹೇಳಬೇಕೆಂದರೆ ನನಗೆ ಈ ದಾರಿಯೇ ಹೆಚ್ಚು ಭದ್ರ ಅನ್ನಿಸುತ್ತದೆ. ಓದು ಮುಗಿಸಿದ ಕೂಡಲೇ ಡಿಸೈನರ್ ಕೆಲಸ ಸಿಗುವುದು ಅಪರೂಪ. ನನ್ನ ಜೊತೆಯವರು ಬಹಳ ಜನ ಟೆಸ್ಟಿಂಗ್‌ನಿಂದ ಶುರು ಮಾಡಿದರು. ಕೋಡ್ ಬಂದರೆ ಗೇಮ್ ಕೆಲಸ ಸಿಗದಿದ್ದರೂ ಬೇರೆ ಕೆಲಸ ಇದ್ದೇ ಇದೆ, ಅಲ್ವಾ? ಹಾಗಂತ ನಮ್ಮಲ್ಲಿ ಒಳ್ಳೆಯ ಗೇಮ್ ಆಗುವುದೇ ಇಲ್ಲ ಅಂತಲ್ಲ. 2020ರಲ್ಲಿ ಬಂದ ರಾಜಿ ಅನ್ನುವ ಗೇಮ್ ಮಾಡಿದ್ದು ಪುಣೆಯ ಒಂದು ಚಿಕ್ಕ ತಂಡ.

ಇನ್ನು ಮೊದಲೇ ಹೇಳಿದ ಆ ಕೆಲಸ. ಗೋಡೋ ಅಂತ ಒಂದು ಗೇಮ್ ಎಂಜಿನ್, ಅಂದರೆ ಗೇಮ್ ಕಟ್ಟುವ ಸಾಫ್ಟ್‌ವೇರ್, ಇದೆ, ಪೂರ್ತಿ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಒಂದು ತಿಂಗಳು ಕೊಡಿ. ಒಂದೇ ಸ್ಕ್ರೀನಿನ ಒಂದು ಗೇಮ್, ಚೆಂದ ಇಲ್ಲದಿದ್ದರೂ ಪರವಾಗಿಲ್ಲ, ಪೂರ್ತಿ ಮುಗಿಸಬೇಕು. ಆಮೇಲೆ ಗೇಮ್ ಆಡಿ ಗೊತ್ತಿಲ್ಲದ ಮೂವರ ಕೈಗೆ ಕೊಟ್ಟು, ತಾನು ಸುಮ್ನೆ ಪಕ್ಕದಲ್ಲಿ ಕೂತು, ಅವರು ಎಲ್ಲಿ ತಡವರಿಸಿದರು ಅಂತ ಬರೆದುಕೊಳ್ಳಲಿ. ಮರುದಿನ ತಾನಾಗಿಯೇ ತಿದ್ದಲು ಕೂತರೆ ಅರ್ಜಿ ಹಾಕಿಸಿ. ಗೇಮ್ ಮುಗಿದ ಮೇಲೆ ಲಿಂಕ್ ಈ ಉತ್ತರದ ಕೆಳಗೇ ಹಾಕಿ, ನಾನು ಆಡಿ ಎಲ್ಲಿ ಬಿದ್ದೆ ಅಂತ ಬರೆಯುತ್ತೇನೆ.