ಅಂಗಡಿಯಲ್ಲಿ ಕೊಟ್ಟ ಕ್ರೆಡಿಟ್ ಕಾರ್ಡ್ ಬಳಸದೇ ಇಟ್ಟರೆ ಸಿಬಿಲ್ ಸ್ಕೋರ್ ಬೀಳುತ್ತಾ?

ನಿಮ್ಮದು ಹಾಸನ. ಮೂರು ವರ್ಷದ ಹಿಂದೆ ಬೆಂಗಳೂರಿನ ಮಾಲ್ ಒಂದರಲ್ಲಿ ಬಟ್ಟೆ ಬಿಲ್ ಮಾಡಿಸುವಾಗ, ಡಿಸ್ಕೌಂಟ್ ಸಿಗುತ್ತೆ ಅಂತ ಆ ಅಂಗಡಿಯ ಹೆಸರಿರುವ ಕ್ರೆಡಿಟ್ ಕಾರ್ಡ್ ಮಾಡಿಸಿದಿರಿ. ಆಮೇಲೆ ಮುಟ್ಟಿಲ್ಲ. ಈಗ ಮನೆ ಕಟ್ಟಲು ಸಾಲ ಬೇಕು, ಅಷ್ಟರೊಳಗೆ ಕಾರ್ಡ್ ಕ್ಯಾನ್ಸಲ್ ಮಾಡಿಸಬೇಕಾ ಅಂತ ಕೇಳಿದ್ದೀರಿ.

ನಾನು ಚಿಕ್ಕಮಗಳೂರಿನಲ್ಲಿ ಐಟಿ ರಿಟರ್ನ್ ಮತ್ತು ಸಾಲದ ಅರ್ಜಿಯ ಕಾಗದಪತ್ರ ಮಾಡಿಕೊಡುವವನು. ಈ ಪ್ರಶ್ನೆ ನನ್ನ ಮೇಜಿನ ಮುಂದೆ ಆಗಾಗ ಬರುತ್ತದೆ. ಸಿಬಿಲ್ ಸ್ಕೋರ್ ಅಂದರೆ ನೀವು ಸಾಲ ಸರಿಯಾಗಿ ಕಟ್ಟುತ್ತೀರಾ ಅಂತ ಸಾಲ ಕೊಡುವವರಿಗೆ ತೋರಿಸುವ ಅಂಕ. ಸುಮ್ನೆ ಬಿದ್ದಿರುವ ಕಾರ್ಡ್‌ನಿಂದ ಅದು ಬೀಳುವುದಿಲ್ಲ. ಆ ಕಾರ್ಡ್ ಮೇಲೆ ನಿಮಗೆ ಗೊತ್ತಿಲ್ಲದ ಹಾಗೆ ಬೆಳೆದಿರುವ ಬಾಕಿಯಿಂದ ಬೀಳುತ್ತದೆ. ಹಾಗಾಗಿ ಕ್ಯಾನ್ಸಲ್ ಮಾತು ಆಮೇಲೆ, ಮೊದಲು ಆ ಕಾರ್ಡ್ ಇನ್ನೂ ಜೀವಂತ ಇದೆಯಾ ಅಂತ ನೋಡಿ.

ಯಾಕೆ ಅಂದರೆ, ರಿಸರ್ವ್ ಬ್ಯಾಂಕ್ 2022ರಲ್ಲಿ ಒಂದು ನಿಯಮ ತಂದಿದೆ. ಒಂದು ವರ್ಷಕ್ಕಿಂತ ಜಾಸ್ತಿ ಬಳಸದ ಕ್ರೆಡಿಟ್ ಕಾರ್ಡ್ ಬಗ್ಗೆ ಬ್ಯಾಂಕ್ ನಿಮಗೆ ತಿಳಿಸಬೇಕು. ನೀವು 30 ದಿನದೊಳಗೆ ಉತ್ತರ ಕೊಡದಿದ್ದರೆ, ಬಾಕಿ ಏನೂ ಇಲ್ಲದಿದ್ದರೆ, ಖಾತೆ ಮುಚ್ಚಬೇಕು. ನಿಮ್ಮದು ಹೀಗೆ ಮುಚ್ಚಿಹೋಗಿದ್ದರೆ ಚಿಂತೆಯೇ ಇಲ್ಲ. ಮುಚ್ಚಿಲ್ಲ ಅಂದರೆ ಬಾಕಿ ಇರಬಹುದು ಎಂಬ ಅನುಮಾನ ಇಟ್ಟುಕೊಂಡೇ ನೋಡಿ.

ಬಾಕಿ ಹೇಗೆ ಬರುತ್ತೆ? ವಾರ್ಷಿಕ ಶುಲ್ಕದಿಂದ. ‘ಮೊದಲ ವರ್ಷ ಫ್ರೀ’ ಅಂದಿರುತ್ತಾರೆ, ಅದು ಎಲ್ಲರಿಗೂ ನೆನಪಿರುತ್ತೆ. ಎರಡನೇ ವರ್ಷದ ಮಾತು ಆ ಕೌಂಟರ್‌ನಲ್ಲಿ ಯಾರೂ ಎತ್ತುವುದಿಲ್ಲ. 499 ರೂಪಾಯಿ ಶುಲ್ಕ ಅಂದುಕೊಳ್ಳಿ, ಶೇ 18 ಜಿಎಸ್‌ಟಿ ಸೇರಿ ಸುಮಾರು 589 ಆಗುತ್ತದೆ. ಬಿಲ್ ಹಳೇ ಇಮೇಲ್‌ಗೋ ಬಿಟ್ಟುಹೋದ ಪಿಜಿ ವಿಳಾಸಕ್ಕೋ ಹೋಗುತ್ತದೆ. ಅದರ ಮೇಲೆ ಬಡ್ಡಿ, ಲೇಟ್ ಫೀ. ಗಡುವು ದಾಟಿ ಮೂರು ದಿನ ಕಳೆದರೆ ಬ್ಯಾಂಕ್ ಅದನ್ನು ಬಾಕಿ ಅಂತ, ಎಲ್ಲರ ಸಾಲದ ದಾಖಲೆ ಇಡುವ ಸಿಬಿಲ್ ಕಂಪನಿಗೆ ತಿಳಿಸಬಹುದು. ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರ ಫೈಲ್ ಹೀಗೇ ನಿಂತಿತ್ತು. ಲಕ್ಷಗಟ್ಟಲೆ ಬೆಳೆ ಸಾಲ ಪ್ರತಿ ವರ್ಷ ಕಾಫಿ ಮಾರಿದ ತಕ್ಷಣ ಕಟ್ಟುವವರು. ಅವರ ಸಿಬಿಲ್ ರಿಪೋರ್ಟ್‌ನಲ್ಲಿ ಕೆಂಪಾಗಿ ಕಂಡದ್ದು ಮಗಳ ಮದುವೆ ಜವಳಿ ತರುವಾಗ ಹಿಡಿಸಿದ ಒಂದು ಕಾರ್ಡ್‌ನ ಶುಲ್ಕ. ಮೊತ್ತ ಚಿಕ್ಕದು ಅಂತ ರಿಪೋರ್ಟ್ ಕರುಣೆ ತೋರಿಸುವುದಿಲ್ಲ. ಎಷ್ಟು ದಿನ ತಡ ಅನ್ನುವುದಷ್ಟೇ ಅಲ್ಲಿ ಎದ್ದು ಕಾಣುತ್ತದೆ.

ಅದಕ್ಕೇ ಇವತ್ತೇ ರಿಪೋರ್ಟ್ ತೆಗೆಯಿರಿ. ನಮ್ಮ ದೇಶದಲ್ಲಿ ಸಾಲದ ದಾಖಲೆ ಇಡುವ ಇಂಥ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಪ್ರತಿಯೊಂದರಿಂದಲೂ ಉಚಿತ. ನಿಮ್ಮದೇ ರಿಪೋರ್ಟ್ ನೀವು ನೋಡಿಕೊಂಡರೆ ಸ್ಕೋರ್ ಕಡಿಮೆಯಾಗುವುದಿಲ್ಲ, ಯಾರೋ ಹಬ್ಬಿಸಿದ ಭಯ ಅದು. ಸ್ಕೋರ್ 300ರಿಂದ 900ರ ನಡುವೆ ಇರುತ್ತದೆ. ಆದರೆ ನೀವು ನೋಡಬೇಕಾದ್ದು ಆ ದೊಡ್ಡ ಅಂಕಿ ಅಲ್ಲ, ಒಳಗೆ ಆ ಕಾರ್ಡ್‌ನ ತಿಂಗಳುವಾರು ಸಾಲು. ಅಲ್ಲಿ 000 ಇದ್ದರೆ ಬಾಕಿ ಇಲ್ಲ. 030, 060 ಥರ ಇದ್ದರೆ ಅಷ್ಟು ದಿನ ತಡವಾಗಿದೆ.

ಬಾಕಿ ಇದ್ದರೆ ಪೂರ್ತಿ ಕಟ್ಟಿ. ಇಲ್ಲೊಂದು ಹುಷಾರು. ವಸೂಲಿಯವರು ಫೋನ್ ಮಾಡಿ ‘ಸಾರ್, ಅರ್ಧ ಕಟ್ಟಿ, ಸೆಟಲ್ ಮಾಡ್ತೀವಿ’ ಅನ್ನಬಹುದು. ಒಪ್ಪಬೇಡಿ. ಸೆಟಲ್ ಆದ ಖಾತೆ ರಿಪೋರ್ಟ್‌ನಲ್ಲಿ ‘ಸೆಟಲ್ಡ್’ ಅಂತಲೇ ಇರುತ್ತದೆ. ಮನೆ ಸಾಲ ಕೊಡುವವರಿಗೆ ಅದು ಪೂರ್ತಿ ಕಟ್ಟಿದ ಖಾತೆಯಷ್ಟು ಹಿಡಿಸುವುದಿಲ್ಲ. ಶುಲ್ಕ ತಪ್ಪಾಗಿ ಹಾಕಿದ್ದಾರೆ ಅನ್ನಿಸಿದರೆ ಬರವಣಿಗೆಯಲ್ಲೇ ಜಗಳ ಆಡಿ, ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ ಬ್ಯಾಂಕ್ ಗ್ರಾಹಕರ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಬಾಕಿ ಇಲ್ಲ, ಕಾರ್ಡ್ ಚಾಲ್ತಿಯಲ್ಲಿದೆ ಅಂದರೆ ಇಡಬೇಕಾ, ಮುಚ್ಚಬೇಕಾ? ಇಲ್ಲಿ ಒಂದು ಸಣ್ಣ ಲೆಕ್ಕ ಇದೆ. ನಿಮ್ಮ ಇನ್ನೊಂದು ಕಾರ್ಡ್‌ನ ಮಿತಿ 60,000, ತಿಂಗಳಿಗೆ 24,000 ಬಳಸುತ್ತೀರಿ ಅಂದುಕೊಳ್ಳಿ. ಬಳಕೆ ಶೇ 40 ಆಯಿತು. ಅಂಗಡಿ ಕಾರ್ಡ್‌ನ ಮಿತಿಯೂ 60,000 ಇದ್ದರೆ ಒಟ್ಟು ಮಿತಿ 1,20,000, ಬಳಕೆ ಶೇ 20 ಮಾತ್ರ. ಸಾಮಾನ್ಯವಾಗಿ ಈ ಬಳಕೆ ಶೇ 30ರ ಒಳಗಿದ್ದರೆ ಸ್ಕೋರ್‌ಗೆ ಒಳ್ಳೆಯದು ಅನ್ನುತ್ತಾರೆ. ಅಂದರೆ ಬಳಸದ ಕಾರ್ಡ್ ನಿಮಗೆ ಗೊತ್ತಿಲ್ಲದೇ ಸಹಾಯ ಮಾಡುತ್ತಿರಬಹುದು. ಅದೇ ನಿಮ್ಮ ಅತಿ ಹಳೆಯ ಸಾಲದ ಖಾತೆಯೂ ಆಗಿದ್ದರೆ ಇಡುವುದಕ್ಕೆ ಇನ್ನೊಂದು ಕಾರಣ. ಆದರೆ ನಮ್ಮ ಕಡೆ ಎಷ್ಟೋ ಜನರಿಗೆ ಅದಕ್ಕಿಂತ ಹಳೇ ಬಂಗಾರದ ಸಾಲ, ಟ್ರ್ಯಾಕ್ಟರ್ ಸಾಲ ಇರುತ್ತವೆ, ಅವೂ ಇತಿಹಾಸವೇ.

ನನ್ನ ಅಭಿಪ್ರಾಯ: ಶುಲ್ಕ ಇಲ್ಲದ ಕಾರ್ಡ್ ಆದರೆ ಇಟ್ಟುಕೊಳ್ಳಿ, ಕೆಲವು ತಿಂಗಳಿಗೊಮ್ಮೆ ಒಂದು ಮೊಬೈಲ್ ರೀಚಾರ್ಜ್ ಮಾಡಿ, ಬಿಲ್ ತಾನಾಗೇ ಕಟ್ಟಿಹೋಗುವಂತೆ ಆಟೋ ಪೇ ಹಾಕಿಬಿಡಿ. ಶುಲ್ಕ ಇರುವ ಕಾರ್ಡ್ ಆದರೆ, ನೀವು ಆ ಅಂಗಡಿಗೆ ಹೋಗುವುದೇ ವರ್ಷಕ್ಕೊಮ್ಮೆ, ಸಾಕುವುದು ಯಾಕೆ? ಮುಚ್ಚಿಸಿ. ಆದರೆ ಮನೆ ಸಾಲದ ಅರ್ಜಿ ಈಗಾಗಲೇ ಕೊಟ್ಟಿದ್ದರೆ ಹಣ ಕೈಸೇರುವವರೆಗೆ ಕಾಯಿರಿ. ಆ ಸಮಯದಲ್ಲಿ ಹೊಸ ಕಾರ್ಡ್‌ಗೂ ಅರ್ಜಿ ಹಾಕಬೇಡಿ.

ಮುಚ್ಚಿಸಲು ಅಂಗಡಿಗೆ ಹೋಗಬೇಡಿ. ಕಾರ್ಡ್ ಮೇಲೆ ಅಂಗಡಿ ಹೆಸರಿದ್ದರೂ ಸಾಲ ಬ್ಯಾಂಕಿನದು. ಬ್ಯಾಂಕಿನ ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಕೋರಿಕೆ ಕೊಡಿ, ಆ ಕೋರಿಕೆಯ ನಂಬರ್ ಬರೆದಿಟ್ಟುಕೊಳ್ಳಿ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನದಲ್ಲಿ ಮುಚ್ಚಬೇಕು, ತಪ್ಪಿದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಇದೂ ಅದೇ 2022ರ ನಿಯಮ. ಕತ್ತರಿಯಲ್ಲಿ ಕಾರ್ಡ್ ತುಂಡು ಮಾಡಿ ‘ಮುಗೀತು’ ಅಂದುಕೊಳ್ಳುವವರೂ ಇದ್ದಾರೆ, ಖಾತೆಗೆ ಕತ್ತರಿ ಗೊತ್ತಾಗುವುದಿಲ್ಲ. ಬಾಕಿ ಇಲ್ಲ ಎಂಬ ಪತ್ರ ತಗೊಂಡು ಮನೆ ಸಾಲದ ಫೈಲ್‌ನಲ್ಲೇ ಇಡಿ.

ರಿಪೋರ್ಟ್‌ನಲ್ಲಿ ಅರ್ಥವಾಗದ ಸಾಲು ಕಂಡರೆ ಕೆಳಗೆ ಬರೆಯಿರಿ, ಹೇಳುತ್ತೇನೆ. ಪ್ಯಾನ್ ನಂಬರ್, ಕಾರ್ಡ್ ನಂಬರ್ ಮಾತ್ರ ಇಲ್ಲಿ ಹಾಕಬೇಡಿ.