ಓದುಗರ ಪ್ರಶ್ನೆ: ಒಂಟಿ ಪರಮಾಣು ಬಂತೆಂದು ತಿಳಿಯುವುದು ಹೇಗೆ?

ಪ್ರಶ್ನೆ: ವಿದ್ಯುದಂಶವಿಲ್ಲದ ಒಂದೇ ಒಂದು ರುಬಿಡಿಯಂ ಪರಮಾಣುವನ್ನು ಎರಡು ಕನ್ನಡಿಗಳ ನಡುವೆ ಬೆಳಕು ಹಾಯಿಸಿ ಪತ್ತೆ ಹಚ್ಚುತ್ತಾರಂತೆ. ಬರಿಯ ಲೇಸರ್ ಕಿರಣ ಸಾಲದೆ? ಕನ್ನಡಿ ಯಾಕೆ?

ಉತ್ತರ: ಸಾಲದು. 780 ನ್ಯಾನೊಮೀಟರ್ ಬೆಳಕಿಗೆ ಈ ಪರಮಾಣು ಹೆಚ್ಚೆಂದರೆ 0.29 ಚದರ ಮೈಕ್ರಾನ್‌ನಷ್ಟು ಅಡ್ಡ ನಿಲ್ಲುತ್ತದೆ. ಸೊಂಟದಲ್ಲಿ, ಅಂದರೆ ಅತಿ ಸಪೂರವಾದ ಜಾಗದಲ್ಲಿ, 20 ಮೈಕ್ರಾನ್ ತ್ರಿಜ್ಯವಿರುವ ಕಿರಣದ ಪರಿಣಾಮಕಾರಿ ವಿಸ್ತೀರ್ಣವೋ, ಸುಮಾರು 630 ಚದರ ಮೈಕ್ರಾನ್. ಎರಡು ಸಾವಿರ ಚಿಲ್ಲರೆ ಫೋಟಾನ್‌ಗಳಲ್ಲಿ ಒಂದು ತಪ್ಪಿದರೆ ಯಾರಿಗೆ ಗೊತ್ತಾದೀತು?

ಕನ್ನಡಿಗಳು ಅದೇ ಬೆಳಕನ್ನು ಮತ್ತೆ ಮತ್ತೆ ಪರಮಾಣುವಿನ ಮೇಲೆ ಹಾಯಿಸುತ್ತವೆ. ಕನ್ನಡಿಗಳ ನಡುವಿನ ಈ ಜಾಗವೇ ಕುಹರ; ಬೆಳಕು ಅದರಲ್ಲಿ ಎಷ್ಟು ಸಲ ಓಡಾಡುತ್ತದೆ ಎಂಬುದರ ಅಳತೆ ಫಿನೆಸ್. ಅದು 1 ಲಕ್ಷವಿದ್ದರೆ, ಪರಮಾಣುವಿನ ಅಡ್ಡಕ್ಕೂ ಕಿರಣದ ವಿಸ್ತೀರ್ಣಕ್ಕೂ ಇರುವ ಆ ಚಿಕ್ಕ ಅನುಪಾತ ಸುಮಾರು 64,000 ಪಟ್ಟಾಗಿ 29ಕ್ಕೆ ಏರುತ್ತದೆ. ಆಗ ಅನುರಣನದಲ್ಲಿರುವ (ಪರಮಾಣುವಿಗೂ ಕುಹರಕ್ಕೂ ಸರಿಹೊಂದುವ) ಬೆಳಕಿನ ಪ್ರಸರಣ, ಎಂದರೆ ಕುಹರ ದಾಟಿ ಹೊರಬರುವ ಪಾಲು, (1+29)ರ ವರ್ಗದಷ್ಟು, ಅಂದರೆ 900 ಪಟ್ಟು ಕುಸಿಯುತ್ತದೆ. ಕನ್ನಡಿಗಳ ನಡುವಿನ ದೂರ ಈ ಲೆಕ್ಕದಲ್ಲಿ ನೇರವಾಗಿ ಬರುವುದೇ ಇಲ್ಲ. ದುಡ್ಡು, ಶ್ರಮ ಎರಡನ್ನೂ ಫಿನೆಸ್ ಹೆಚ್ಚಿಸಲು, ಕಿರಣದ ಸೊಂಟ ಸಣ್ಣದಾಗಿಸಲು ಸುರಿಯಿರಿ.

ಪ್ರಶ್ನೆ: ಹಾಗಾದರೆ ಪ್ರಸರಣ ಕುಸಿದರೆ ಪರಮಾಣು ಬಂತೆಂದೇ ಅರ್ಥವೆ?

ಉತ್ತರ: ಎಲ್ಲರೂ ಎಡವುವುದು ಇಲ್ಲೇ. ಕುಹರದ 5 ಮಿಲಿಮೀಟರ್ ಮೇಲಿರುವ ಪರಮಾಣು ಮೋಡದಿಂದ ಬಿದ್ದ ಪರಮಾಣು ಕಿರಣದ 40 ಮೈಕ್ರಾನ್ ಅಗಲ ದಾಟಲು ಸುಮಾರು 130 ಮೈಕ್ರೊಸೆಕೆಂಡ್ ಬೇಕು. 20 ಮೈಕ್ರೊಸೆಕೆಂಡ್‌ಗೊಮ್ಮೆ ಎಣಿಸಿ. ಖಾಲಿ ಕುಹರದಲ್ಲಿ ಪ್ರತಿ ಸಲ ಸರಾಸರಿ 20 ಫೋಟಾನ್ ಸಿಗುವಂತೆ ಲೇಸರ್ ಹೊಂದಿಸಿ. ಒಳಗೆ ಸರಾಸರಿ ಒಂದು ಫೋಟಾನ್‌ಗಿಂತ ಸಾಕಷ್ಟು ಕಡಿಮೆ ಇರಲಿ, ಇಲ್ಲದಿದ್ದರೆ ಪರಮಾಣು ತುಂಬಿಹೋಗಿ ಬೆಳಕನ್ನು ತಡೆಯುವುದನ್ನೇ ಬಿಡುತ್ತದೆ. ‘8 ಅಥವಾ ಕಡಿಮೆ ಬಂದರೆ ಪರಮಾಣು’ ಎಂದಿಟ್ಟುಕೊಂಡರೆ, ಖಾಲಿ ಕುಹರವೂ ಬರಿಯ ಆಕಸ್ಮಿಕದಿಂದ ಸುಮಾರು ಐನೂರಕ್ಕೊಮ್ಮೆ ಹಾಗೆ ತೋರಿಸುತ್ತದೆ. ಸೆಕೆಂಡಿಗೆ 50,000 ಎಣಿಕೆ ಎಂದರೆ ನೂರು ಸುಳ್ಳು ಪರಮಾಣು! ಸತತ ಎರಡು ಎಣಿಕೆ ಕುಸಿದರೆ ಮಾತ್ರ ಒಪ್ಪಿ. ಸುಳ್ಳು ಸರಾಸರಿ ಐದು ಸೆಕೆಂಡಿಗೆ ಒಂದಕ್ಕೆ ಇಳಿಯುತ್ತದೆ.

ಇದಕ್ಕಿಂತ ಕೆಟ್ಟದ್ದು ಕನ್ನಡಿಯ ಅಲುಗಾಟ. ಇಲ್ಲಿ ಅನುರಣನದ ಅಗಲ, ಅಂದರೆ ಕನ್ನಡಿ ಸರಿದರೂ ಬೆಳಕು ಹಾಯುವ ಮಿತಿ, 4 ಪಿಕೊಮೀಟರ್ ಮಾತ್ರ. ಪಂಪ್ ನಡುಗಿದರೂ ಪ್ರಸರಣ ಥೇಟ್ ಪರಮಾಣು ಬಂದಂತೆಯೇ ಬೀಳುತ್ತದೆ. ಕುಹರದ ಉದ್ದವನ್ನು ಪರಮಾಣುವಿಗೆ ತಾಗದ ಬೇರೆ ಬಣ್ಣದ ಲೇಸರ್‌ನಿಂದ ಬಿಗಿಹಿಡಿದು, ಆ ಬೆಳಕನ್ನು ಎಣಿಕೆಯಂತ್ರದ ಮುಂದೆ ಸೋಸಿ ತೆಗೆಯಬೇಕು. ಪರೀಕ್ಷೆ ಸುಲಭ: ಮೇಲಿನ ಪರಮಾಣು ಮೋಡವನ್ನು ನಿಲ್ಲಿಸಿ, ಉಳಿದದ್ದೆಲ್ಲ ಹಾಗೇ ಓಡಿಸಿ. ಕುಸಿತ ಆಗಲೂ ಕಂಡರೆ ಅದು ಪರಮಾಣುವಿನದಲ್ಲ.

ಬಂದರೂ ಕಾಣದ ಪರಮಾಣುಗಳೂ ಉಂಟು. ಕುಹರದಲ್ಲಿ ಪ್ರತಿ 390 ನ್ಯಾನೊಮೀಟರ್‌ಗೊಮ್ಮೆ ಬೆಳಕು ಸೊನ್ನೆಯಾಗುವ ತಾಣಗಳಿವೆ. ಅಲ್ಲಿ ಹಾದದ್ದು ಲೆಕ್ಕಕ್ಕೆ ಸಿಗದು. ಕೆಳಗಿನ ಇನ್ನೊಂದು ಶಕ್ತಿಮಟ್ಟಕ್ಕೆ ಜಾರಿದ ಪರಮಾಣುವೂ ಅಷ್ಟೇ, ಅದನ್ನು ಹಿಂದಕ್ಕೆ ತರಲು ಇನ್ನೊಂದು ಲೇಸರ್ ಬೇಕು.

ಪ್ರಶ್ನೆ: 2012ರ ನೊಬೆಲ್ ಇದಕ್ಕೇ ಬಂದದ್ದೆ?

ಉತ್ತರ: ಅಲ್ಲ, ಆ ವರ್ಷದ ಭೌತಶಾಸ್ತ್ರ ನೊಬೆಲ್ ಹಂಚಿಕೊಂಡ ಸೆರ್ಜ್ ಹರೋಶ್ ಮಾಡಿದ್ದು ತಿರುಗಾಮುರುಗಾ: ಕುಹರದಲ್ಲಿ ಸಿಕ್ಕಿಸಿಟ್ಟ ಮೈಕ್ರೊವೇವ್ ಫೋಟಾನ್‌ಗಳನ್ನು ಪರಮಾಣುಗಳಿಂದ ಅಳೆದರು. ಬೀಳುತ್ತಿರುವ ಸೀಸಿಯಂ ಪರಮಾಣುಗಳನ್ನು ಬೆಳಕಿನ ಕುಹರದಲ್ಲಿ ಒಂದೊಂದಾಗಿ, ಆಗಿಂದಾಗಲೇ ಕಂಡದ್ದು ಅಮೆರಿಕದ ಕ್ಯಾಲ್‌ಟೆಕ್‌ನ ಜೆಫ್ ಕಿಂಬಲ್ ತಂಡ, 1996ರಲ್ಲಿ.