ಓದುಗರ ಪ್ರಶ್ನೆ: ಜನಗಣತಿಯಲ್ಲಿ ಮಾತೃಭಾಷೆ

ಪ್ರಶ್ನೆ: ನಮ್ಮ ಮನೆಮಾತು ತುಳು. ಓದು, ವ್ಯವಹಾರವೆಲ್ಲ ಕನ್ನಡದಲ್ಲಿ. ಗಣತಿಯವರು ಬಂದಾಗ ಮಾತೃಭಾಷೆ ಯಾವುದೆಂದು ಬರೆಸಬೇಕು?
– ಓದುಗರು, ಪುತ್ತೂರು

ಉತ್ತರ: ತುಳು ಎಂದೇ ಬರೆಸಿ. ಗಣತಿಯ ಲೆಕ್ಕದಲ್ಲಿ ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ನಿಮ್ಮೊಡನೆ ಆಡಿದ ಭಾಷೆ. ತಾಯಿ ನಿಮ್ಮ ಎಳವೆಯಲ್ಲೇ ತೀರಿಕೊಂಡಿದ್ದರೆ, ಆಗ ಮನೆಯಲ್ಲಿ ಹೆಚ್ಚಾಗಿ ಆಡುತ್ತಿದ್ದ ಭಾಷೆ. ಓದಿದ ಭಾಷೆ, ರಾಜ್ಯದ ಭಾಷೆ ಇಲ್ಲಿ ಬರುವುದಿಲ್ಲ. ಕನ್ನಡಕ್ಕೂ ಜಾಗವಿದೆ: 2011ರ ನಮೂನೆಯಲ್ಲಿ ಮಾತೃಭಾಷೆಯ ಜೊತೆ ಬಲ್ಲ ಇನ್ನೆರಡು ಭಾಷೆಗಳನ್ನು ಬರೆಸಬಹುದಿತ್ತು. ಇನ್ನೊಂದು ಮಾತು, ಯಜಮಾನರ ಭಾಷೆಯನ್ನೇ ಇಡೀ ಮನೆಗೆ ಬರೆದುಕೊಳ್ಳಲು ಬಿಡಬೇಡಿ. ಸೊಸೆಯ ಮಾತೃಭಾಷೆ ಕೊಂಕಣಿಯಾಗಿದ್ದರೆ ಅವರ ಹೆಸರಿನೆದುರು ಕೊಂಕಣಿಯೇ ಇರಬೇಕು. 2011ರಲ್ಲಿ ತುಳು ಎಂದು ಬರೆಸಿದವರು 18,46,427 ಮಂದಿ.

ಪ್ರಶ್ನೆ: ನೀಲಗಿರಿಯ ಬಡಗ ಭಾಷಿಕರನ್ನು ಕನ್ನಡದವರ ಲೆಕ್ಕಕ್ಕೆ ಸೇರಿಸುವುದು ಹೇಗೆ?
– ಓದುಗರು, ಗುಂಡ್ಲುಪೇಟೆ

ಉತ್ತರ: ಜನ ಹೇಳಿದ್ದನ್ನು ಹಾಗೆಯೇ ಬರೆದುಕೊಂಡಾಗ 2011ರಲ್ಲಿ ಸಿಕ್ಕಿದ್ದು 19,569 ಹೆಸರುಗಳು. ಕಾಗುಣಿತದ ವ್ಯತ್ಯಾಸ, ಊರು ಅಥವಾ ಜಾತಿಯ ಹೆಸರು ಎಲ್ಲವೂ ಅದರಲ್ಲಿದ್ದವು. ಭಾಷಾತಜ್ಞರು ಪರಿಶೀಲಿಸಿ 1,369 ಮಾತೃಭಾಷೆಗಳನ್ನು ಗುರುತಿಸಿ, ಅವನ್ನು 121 ಭಾಷೆಗಳ ಅಡಿ ತಂದರು. ಕನ್ನಡದ 4.37 ಕೋಟಿಯೊಳಗೆ ಬಡಗದ ಸುಮಾರು 1.34 ಲಕ್ಷವೂ ಇದೆ. ಆದರೆ ಮಾತೃಭಾಷೆಗಳ ಪಟ್ಟಿಯಲ್ಲಿ ಬಡಗಕ್ಕೆ ಪ್ರತ್ಯೇಕ ಸಾಲಿದೆ. ಹೋಲಿಸುವಾಗ ಅದನ್ನೇ ನೋಡಿ. ನಿಜವಾದ ನಷ್ಟ ಹತ್ತು ಸಾವಿರಕ್ಕಿಂತ ಕಡಿಮೆ ಜನರ ಭಾಷೆಗಳಿಗೆ. ಅವು 'ಇತರೆ'ಯಲ್ಲಿ ಸೇರಿ, ಹೆಸರೇ ಕಾಣುವುದಿಲ್ಲ. ಈ ಮಿತಿಯನ್ನು ತೆಗೆಯಲೇಬೇಕು.